ಭದ್ರಮ್ಮನ ಸುಳ್ಳು ಓದು

ತಮಿಳುನಾಡಿನ ಗಡಿಯಲ್ಲಿ, ತಳಿಯಿಂದ ಡೆಂಕಣಿಕೋಟೆಗೆ ಹೋಗುವ ದಾರಿಯಲ್ಲಿ, ಬಸ್ಸು ಏದುಸಿರು ಬಿಡುತ್ತ ದಿಣ್ಣೆ ಹತ್ತುವ ಕಡೆ, ನಂಜಪ್ಪನ ಸೇವಂತಿಗೆ ತೋಟವಿದೆ. ತೋಟ ನಂಜಪ್ಪನದೇ ಆದರೂ ಸುತ್ತಲಿನವರ ಬಾಯಲ್ಲಿ ಅದು 'ಓದೋ ಭದ್ರಕ್ಕನ ತೋಟ'. ಪಾಪ, ನಂಜಪ್ಪ ಅದಕ್ಕೆ ಮುಖ ಊದಿಸಿಕೊಂಡವನಲ್ಲ. ಹೆಂಡತಿ ಪುಸ್ತಕ ಹಿಡಿದು ಕೂತಷ್ಟು ಹೊತ್ತು ತನ್ನ ಬೀಡಿಯ ಮೇಲೆ ಅವಳ ಕಣ್ಣು ಬೀಳುವುದಿಲ್ಲವಲ್ಲ ಎಂಬುದೇ ಅವನಿಗೆ ಸಮಾಧಾನ.

ಭದ್ರಮ್ಮ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವಳು. ಅವಳ ಹಿಂದೆ ಬಂದ ಮಕ್ಕಳೆಲ್ಲ ತಮಿಳು ಶಾಲೆಗೋ ಇಂಗ್ಲಿಷ್ ಶಾಲೆಗೋ ಹೋದರು. ಮನೆಯಲ್ಲಿ ಆಡುವುದು ಕನ್ನಡ, ಸಂತೆಯಲ್ಲಿ ತೆಲುಗು, ಓದಿ ಬರೆಯುವುದು ತಮಿಳು. ಅವಳ ಮಗ ಮುನೀಶನಿಗೂ ಅಷ್ಟೇ, ಕನ್ನಡದಲ್ಲಿ ಬೈಯಲು ಬರುತ್ತದೆ, ಓದಲು ಒಂದಕ್ಷರ ಬರುವುದಿಲ್ಲ. ಹೊಸೂರಿನ ಫ್ಯಾಕ್ಟರಿಗೆ ರಜೆ ಇದ್ದ ದಿನ ಅವನು ಆನೇಕಲ್ಲಿನ ರದ್ದಿ ಅಂಗಡಿಯಿಂದ ಅಮ್ಮನಿಗೆ ಪುಸ್ತಕ ತರುತ್ತಿದ್ದ. "ಯಾವ್ದು ತರ್ಲಮ್ಮ?" ಎಂದರೆ, "ದಪ್ಪಗಿರೋದು ತಗೊಂಡ್ ಬಾರ್ಲಾ, ಮಿಕ್ಕಿದ್ದು ನಾನು ನೋಡ್ಕೊತೀನಿ" ಎನ್ನುತ್ತಿದ್ದಳು. ಹಾಗೆ ಬಂದ ಕಾದಂಬರಿ, ಪ್ರವಾಸ ಕಥೆ, ಕೃಷಿ ಕೈಪಿಡಿ ಎಲ್ಲವೂ ರಾಗಿ ಮೂಟೆಗಳ ಪಕ್ಕದ ಅಟ್ಟಣೆಯಲ್ಲಿ ಒಟ್ಟಿಗೇ ಸಂಸಾರ ಮಾಡುತ್ತಿದ್ದವು. ಇಲಿ ಕಡಿಯಬಾರದೆಂದು ಎಲ್ಲಕ್ಕೂ ಅವಳು ಗೊಬ್ಬರದ ಚೀಲದ ಹೊದಿಕೆ ಹಾಕಿದ್ದಳು.

ಮಧ್ಯಾಹ್ನದ ಹೊತ್ತು ಶೆಡ್ಡಿನಲ್ಲಿ ಹೂ ಆರಿಸಲು ಹೆಂಗಸರು ಕೂರುತ್ತಾರೆ. ಭದ್ರಮ್ಮ ಹೂ ಮುಟ್ಟುವುದಿಲ್ಲ. ಅವಳು ಗಟ್ಟಿಯಾಗಿ ಓದಬೇಕು, ಅವಳ ಪಾಲಿನ ಹೂವನ್ನು ಉಳಿದವರು ಹಂಚಿಕೊಂಡು ಆರಿಸಬೇಕು. ಇದು ಆ ಶೆಡ್ಡಿನ ವಾಡಿಕೆ. ಯಾರಿಗೆ ಯಾವ ಪುಸ್ತಕ ಎಂಬುದೂ ಅವಳದೇ ತೀರ್ಮಾನ. ಪಿಳ್ಳಮ್ಮನ ಗಂಡ ತೀರಿಕೊಂಡಾಗ ಎಲ್ಲರೂ ಪುರಾಣ ಓದು ಎಂದರೆ, ಇವಳು ಹೋಟೆಲಿಟ್ಟು ದಿವಾಳಿಯಾದ ಪೋಸ್ಟ್‌ಮಾಸ್ಟರನ ನಗೆ ಕಾದಂಬರಿ ತೆಗೆದಳು. "ಸಾವಾದ ಮನೆಯೋರಿಗೆ ಅಳೋ ಪುಸ್ತಕ ಯಾಕ್ರೇ? ಅದು ಅವ್ರ ತಾವ ಆಗ್ಲೇ ಐತೆ" ಎಂಬುದು ಅವಳ ವಾದ. ಬಾಣಂತಿಯರಿಗೆ ಬೇಟೆಯ ಪುಸ್ತಕ, ರಾತ್ರಿ ಎಚ್ಚರ ಇರಬೇಕಲ್ಲ. ಅತ್ತೆಯ ಜೊತೆ ಜಗಳವಾಡಿ ಬಂದವರಿಗೆ, ಮೊದಲ ಅಧ್ಯಾಯದಲ್ಲೇ ಅತ್ತೆ ಮನೆ ಬಿಟ್ಟು ಓಡಿಹೋಗುವ ಕಾದಂಬರಿ. ತನಗೆ ಮಾತ್ರ ಬೆಸ್ತರ ಮನೆಯ ಮೂವರು ಅಕ್ಕತಂಗಿಯರ ದಪ್ಪ ಕಾದಂಬರಿಯೇ ಆಗಬೇಕು. "ಸುರುವಿನಲ್ಲಿ ಹಲ್ಲು ಕಚ್ಕೊಂಡು ಓದ್ಬೇಕು, ಆಮೇಲೆ ಅದೇ ನಮ್ಮನ್ನ ಕಚ್ಕೊತದೆ" ಎಂದು ಆ ಪುಸ್ತಕವನ್ನು ಹೋದಲ್ಲೆಲ್ಲ ಹೊಗಳುತ್ತಿದ್ದಳು.

ಕಾರ್ತಿಕದ ಒಂದು ಬೆಳಿಗ್ಗೆ ಭದ್ರಮ್ಮ ತಲೆಯ ಹಿಂಬದಿಯ ನೋವಿನೊಂದಿಗೆ ಎದ್ದಳು. ಕಾಫಿ ಕುಡಿದು ಪುಸ್ತಕ ಬಿಡಿಸಿದಳು. ಅಕ್ಷರಗಳು ಇದ್ದವು. ಸ್ಪಷ್ಟವಾಗಿ, ಕಪ್ಪಗೆ, ಸಾಲಾಗಿ ಇದ್ದವು. ಆದರೆ ಒಂದೂ ಅವಳಿಗೆ ಏನನ್ನೂ ಹೇಳಲಿಲ್ಲ. ಕನ್ನಡಕ ಒರೆಸಿಕೊಂಡಳು. ಬೇರೆ ಪುಟ ತೆಗೆದಳು. ಗೋಡೆಯ ಮೇಲಿನ ತಮಿಳು ಕ್ಯಾಲೆಂಡರಿನ ಹತ್ತಿರ ಹೋಗಿ ನಿಂತಳು. ಅದೂ ಬರೀ ಗೀಚು.

ಅವಳು ಹೆದರಿದಳು, ಅದಕ್ಕೆ ಕಾರಣವಿತ್ತು. ಅವಳ ಅವ್ವನಿಗೂ ಹೀಗೇ ಒಂದು ಬೆಳಿಗ್ಗೆ ಮಕ್ಕಳ ಹೆಸರು ಬಿಟ್ಟುಹೋಗಿತ್ತು. ಆಮೇಲೆ ಮಾತು ಹೋಯಿತು. ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಲ್ಲಿ ಹೊಡೆಸಿದರು, ಗುಡಿಯಿಂದ ಗುಡಿಗೆ ತಿರುಗಿಸಿದರು. ಕೊನೆಗೆ ಕೊಟ್ಟಿಗೆಯಲ್ಲಿ ಕೂಡಿ ಚಿಲಕ ಹಾಕಿದರು. ಬಾಗಿಲ ಸಂದಿಯಿಂದ ಮುದ್ದೆಯ ತಟ್ಟೆ ಸರಿಸುತ್ತಿದ್ದವಳು ಚಿಕ್ಕ ಭದ್ರಮ್ಮ. ಈಗ ತನ್ನ ಸರದಿ ಬಂತು ಎಂದು ಅವಳಿಗೆ ಅನಿಸಿತು. ಮೊದಲು ಅಕ್ಷರ, ಆಮೇಲೆ ಹೆಸರು, ಆಮೇಲೆ ಮಾತು, ಆಮೇಲೆ ಕೊಟ್ಟಿಗೆ. ಯಾರಿಗೂ ಹೇಳಬಾರದು ಎಂದು ಆಗಲೇ ನಿರ್ಧರಿಸಿಬಿಟ್ಟಳು.

ಆದರೆ ಮಧ್ಯಾಹ್ನ ಹೆಂಗಸರು ಬಂದು ಕೂತರಲ್ಲ, ಏನು ಮಾಡುವುದು? ಭದ್ರಮ್ಮ ಅಟ್ಟಣೆಯ ಮುಂದೆ ನಿಂತು ಕೈಯಾಡಿಸಿ, ದಪ್ಪ ನೋಡಿ ಒಂದು ಪುಸ್ತಕ ಎಳೆದಳು. ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಬೆಸ್ತರ ಅಕ್ಕತಂಗಿಯರ ಕಥೆಯನ್ನು ನೆನಪಿನಿಂದಲೇ ಶುರುಮಾಡಿದಳು. ನೆನಪು ಕೈಕೊಟ್ಟ ಕಡೆ ತಾನೇ ಹುಟ್ಟಿಸಿದಳು. ನಡುನಡುವೆ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದಳು. ಇದು ಈ ಸೀಮೆಯಲ್ಲಿ ಮಾತ್ರ ನಡೆಯುವ ಮೋಸ. ಶೆಡ್ಡಿನ ತುಂಬ ಕನ್ನಡದವರೇ, ಆ ಪುಟ ನೋಡಿ ಇದು ಸುಳ್ಳು ಎನ್ನಬಲ್ಲವರು ಒಬ್ಬರೂ ಇಲ್ಲ.

ಕಿವಿ ಇದ್ದವರಿದ್ದರು, ಅದೇ ಕಷ್ಟ. "ಅಲ್ಲ ಭದ್ರಕ್ಕ, ಹೋದ್ಸಲ ನಡುವಿನೋಳು ದೋಣಿ ಮಾರಿದ್ಲಲ್ವಾ? ಈಗ ಚಿಕ್ಕೋಳು ಮಾರ್ತಾವ್ಳೆ?" ಎಂದಳು ಪಿಳ್ಳಮ್ಮ.

"ಹೂ ನೋಡ್ಕೊಂಡ್ ಆರ್ಸು ಪಿಳ್ಳಮ್ಮ. ಓದೋಳು ನಾನಾ, ನೀನಾ?" ಎಂದು ಗದರಿಸಿ ಭದ್ರಮ್ಮ ಕಥೆ ಮುಂದುವರಿಸಿದಳು.

ದಿನಗಳು ಹಾಗೇ ಹೋದವು. ಬಾಗಿಲ ಚೌಕಟ್ಟು ಅವಳ ಬಲಭುಜಕ್ಕೆ ತಗಲುತ್ತಿತ್ತು. ಉಂಡೆದ್ದ ತಟ್ಟೆಯ ಬಲಗಡೆ ಅನ್ನ ಹಾಗೇ ಉಳಿಯುತ್ತಿತ್ತು. "ಕಣ್ಣು ಎಲ್ಲಿಟ್ಟಿದೀಯಮ್ಮಿ?" ಎಂದು ನಂಜಪ್ಪ ಕೇಳಿದರೆ, "ನಿನ್ ಮುಖದ ಮ್ಯಾಲೆ" ಎಂದು ನಗಿಸಿ ಜಾರಿಕೊಳ್ಳುತ್ತಿದ್ದಳು. ಒಬ್ಬಳೇ ಇದ್ದಾಗ ಮನೆಯವರ ಹೆಸರುಗಳನ್ನು ಮೆಲ್ಲಗೆ ಹೇಳಿಕೊಂಡು, ಎಲ್ಲ ಇವೆಯೇ ಎಂದು ನೋಡಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಸೊಸೆ ಭಾನು ಬಾಣಂತನ ಮುಗಿಸಿ ತವರಿನಿಂದ ಹೊರಟ ಸುದ್ದಿ ಬಂತು. ಮೊಮ್ಮಗಳು ಮನೆಗೆ ಬರುತ್ತಾಳೆಂದು ನಂಜಪ್ಪ ತೊಟ್ಟಿಲು ತೊಳೆದಿಟ್ಟ. ಭದ್ರಮ್ಮನಿಗೆ ಮಾತ್ರ ಅನ್ನ ಇಳಿಯಲಿಲ್ಲ. ಭಾನು ಆನೇಕಲ್ಲಿನ ಹುಡುಗಿ, ಕನ್ನಡದಲ್ಲೇ ಓದಿದವಳು. ಮೊಮ್ಮಗಳ ಮುಖ ನೋಡಲು ಹೆದರಿದ ಅಜ್ಜಿ ಈ ಸೀಮೆಯಲ್ಲಿ ಅವಳೊಬ್ಬಳೇ ಇರಬೇಕು.

ಭಾನು ಬಂದ ಮಾರನೆಯ ದಿನ ಭದ್ರಮ್ಮ ತಲೆನೋವು ಎಂದು ಮಲಗಿ ನೋಡಿದಳು, ಹೆಂಗಸರು ಬಿಡಲಿಲ್ಲ. ಸೊಸೆ ಒಳಗೆ ಮಗು ಮಲಗಿಸುತ್ತಿದ್ದಾಳೆ ಎಂಬ ಧೈರ್ಯದ ಮೇಲೆ ಶೆಡ್ಡಿಗೆ ಬಂದು ಕೂತಳು. ಅಕ್ಕತಂಗಿಯರು ಪ್ರವಾಹಕ್ಕೆ ಸಿಕ್ಕಿದ ಭಾಗ, ಹೆಂಗಸರ ಕೈಯಲ್ಲಿ ಹೂ ನಿಂತಿತ್ತು. ಕಥೆ ನಿಲ್ಲಿಸಿ ನೀರಿಗೆಂದು ತಿರುಗಿದರೆ, ಬಲಗಡೆ, ಮೊಣಕೈಗೆ ತಾಕುವಷ್ಟು ಹತ್ತಿರ, ಭಾನು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳ ಕಣ್ಣು ಪುಟದ ಮೇಲಿತ್ತು.

ಹೆಂಗಸರೆಲ್ಲ ಹೋದ ಮೇಲೆ ಭಾನು ಹತ್ತಿರ ಬಂದು ಕೂತಳು. "ಅತ್ತೆ, ಆ ಪುಸ್ತಕದಲ್ಲಿ ಬೆಸ್ತರ ಮನೆ ಇಲ್ಲ. ಅದು ಜೇನು ಸಾಕೋ ಪುಸ್ತಕ."

ಭದ್ರಮ್ಮ ಬೈದು ಓಡಿಸೋಣವೆಂದು ನೋಡಿದಳು. "ಅತ್ತೆ ಓದೋದ್ನ ಕದ್ದು ನೋಡಕ್ಕೆ ಬಂದ್ಯೇನೇ? ನಿಮ್ಮವ್ವ ಇದೇ ಕಲ್ಸಿದ್ದಾ?" ಎಂದಳು. ಭಾನು ಅಲ್ಲಾಡಲಿಲ್ಲ. "ಎಷ್ಟು ದಿನದಿಂದ ಕಾಣಿಸ್ತಿಲ್ಲ ಅತ್ತೆ?"

"ಕಾಣಿಸ್ತದೆ. ಎಲ್ಲ ಕಾಣಿಸ್ತದೆ. ಓದಕ್ಕಾಗಲ್ಲ." ಹೇಳಿದ್ದೇ ತಡ ಭದ್ರಮ್ಮ ಸೊಸೆಯ ಮುಂಗೈ ಹಿಡಿದುಕೊಂಡಳು. "ನಿನ್ ಗಂಡನಿಗೆ ಹೇಳ್ಬೇಡ ಕಣಮ್ಮ. ನಮ್ಮವ್ವನ್ನ ಕೊಟ್ಟಿಗೇಲಿ ಕೂಡಾಕಿದ್ರು. ನನ್ನೂ ಹಾಕ್ತಾರೆ."

"ಯಾರು ಹಾಕ್ತಾರೆ? ಈ ಮನೇಲಿ ಚಿಲಕ ಹಾಕೋಳು ನಾನು" ಎಂದಳು ಭಾನು. "ಹೇಳ್ತೀನಿ ಅತ್ತೆ. ಹೇಳ್ದೆ ಇರಲ್ಲ. ನಾಳೆ ಹೊಸೂರಿಗೆ ಹೋಗೋಣ."

ಭದ್ರಮ್ಮ ಅವಳೊಂದಿಗೆ ಮಾತು ಬಿಟ್ಟಳು. ಮಾರನೆಯ ದಿನ ಬಸ್ಸಿನಲ್ಲೂ ಆಡಲಿಲ್ಲ. ಮಗುವನ್ನು ಭಾನು ಎತ್ತಿಕೊಂಡಿದ್ದಳು, ಮುನೀಶ ಅಮ್ಮನ ಬಲಗಡೆ ಕೂತಿದ್ದ. ದಾರಿಯಲ್ಲಿ ಹೋಗುವ ಬಸ್ಸುಗಳ ಬೋರ್ಡು, ಅಂಗಡಿಗಳ ಹೆಸರು, ಗೋಡೆಗಳ ಬರಹ, ಒಂದು ಕಾಲಕ್ಕೆ ಬೇಡವೆಂದರೂ ಕಣ್ಣಿಗೆ ನುಗ್ಗುತ್ತಿದ್ದವೆಲ್ಲ ಈಗ ಬಾಯಿ ಮುಚ್ಚಿಕೊಂಡು ಹಿಂದೆ ಸರಿದವು.

ಆಸ್ಪತ್ರೆಯಲ್ಲಿ ತಲೆಯ ಫೋಟೋ ತೆಗೆದರು. ಡಾಕ್ಟರಮ್ಮ ತಮಿಳಿನವರು, ಮೆತ್ತಗೆ ಮಾತಾಡುವವರು. ಮಿದುಳಿನ ಹಿಂಬದಿಯಲ್ಲಿ, ಎಡಗಡೆ, ಒಂದು ಚೂರು ಜಾಗಕ್ಕೆ ರಕ್ತ ಹರಿಯುವುದು ನಿಂತಿದೆ ಎಂದರು. ಕಣ್ಣು ಚೆನ್ನಾಗಿದೆ, ಬಲಗಡೆಯ ನೋಟ ಮತ್ತು ಓದು ಹೋಗಿವೆ, ಬುದ್ಧಿಗೆ ಏನೂ ಆಗಿಲ್ಲ ಎಂದರು. ಆದ ದಿನವೇ ಬಂದಿದ್ದರೆ ಬೇರೆ ಮಾತಿತ್ತು. ಇನ್ನೊಮ್ಮೆ ಆಗದಂತೆ ಮಾತ್ರೆ ತಪ್ಪಿಸಬಾರದು. ಓದು ಮರಳಿ ಬರಬಹುದು, ಬರದೆಯೂ ಇರಬಹುದು. ಮುನೀಶ ಅಮ್ಮನ ಮುಖ ನೋಡಿದ. ಯಾವತ್ತು ಆಯಿತು ಎಂದು ಅವನು ಕೇಳಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ಸಂಕಟವಾಯಿತು.

ಡಾಕ್ಟರಮ್ಮ ಒಂದು ಹಾಳೆ, ಪೆನ್ನು ಮುಂದಿಟ್ಟು, ನಿಮಗೆ ಬರುವ ಭಾಷೆಯಲ್ಲಿ ಹೆಸರು ಬರೆಯಿರಿ ಎಂದರು. ಓದಲಾಗದವಳು ಬರೆಯುವುದು ಹೇಗೆ ಎಂದುಕೊಳ್ಳುತ್ತಲೇ ಭದ್ರಮ್ಮ ಪೆನ್ನು ಹಿಡಿದಳು. ಕೈ ತಾನಾಗಿ ಓಡಿತು. ದುಂಡಗೆ, ಶಾಲೆಯಲ್ಲಿ ಕಲಿತ ಹಾಗೇ ಬರೆಯಿತು. ಭಾನು ಬಗ್ಗಿ ನೋಡಿ "ಸರ್ಯಾಗೈತೆ ಅತ್ತೆ!" ಎಂದಳು. ಅವಳ ದನಿ ಏರಿತ್ತು.

"ಈಗ ಅದನ್ನೇ ಓದಿ" ಎಂದರು ಡಾಕ್ಟರಮ್ಮ.

ಭದ್ರಮ್ಮ ಹಾಳೆ ನೋಡಿದಳು. ಶಾಯಿ ಇನ್ನೂ ಆರಿರಲಿಲ್ಲ. ಬರೆದದ್ದು ತಾನೇ, ಏನು ಬರೆದೆನೆಂದೂ ಗೊತ್ತು, ಆದರೂ ಹಾಳೆಯ ಮೇಲಿದ್ದದ್ದು ಬೇರೆ ಯಾರೋ ಬೇರೆ ಯಾರಿಗೋ ಬರೆದ ಗೀಚು. ಇಷ್ಟು ದಿನದಲ್ಲಿ ಅಷ್ಟು ಭಯ ಅವಳಿಗೆ ಆಗಿರಲಿಲ್ಲ. ಮುನೀಶ "ಅಮ್ಮಾ?" ಎಂದ.

ಅವಳು ಪೆನ್ನನ್ನು ಮತ್ತೆ ತೆಗೆದುಕೊಂಡಳು. ಯಾರೂ ಕೇಳದೆಯೇ, ಹೆಸರಿನ ಕೆಳಗೆ ಒಂದು ಉದ್ದದ ಸಾಲು ಬರೆದು, ಹಾಳೆಯನ್ನು ಸೊಸೆಯ ಕಡೆ ತಳ್ಳಿದಳು.

ಭಾನು ಮನಸ್ಸಿನಲ್ಲೇ ಓದಿಕೊಂಡಳು. 'ನನಗೆ ಬಹಳ ಭಯವಾಗುತ್ತಿದೆ ಭಾನು, ಇದನ್ನು ಮುನೀಶನ ಮುಂದೆ ಓದಬೇಡ' ಎಂದಿತ್ತು.

"ಏನ್ ಬರ್ದವ್ರೆ?" ಎಂದ ಮುನೀಶ, ತನಗೆ ಓದಲು ಬಾರದ ಹಾಳೆಯ ಮೇಲೆ ಬಗ್ಗಿ.

ಭಾನು ಸಾಲಿನ ಮೇಲೆ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ನಿಧಾನವಾಗಿ ಓದಿದಳು. "ಭಾನು, ಬೆಸ್ತರ ಮನೆ ಅಕ್ಕತಂಗಿಯರ ಪುಸ್ತಕ ಹುಡ್ಕಿಡು, ಇನ್ಮೇಲೆ ಶೆಡ್ಡಲ್ಲಿ ನೀನು ಓದು, ನಾನು ಹೂ ಆರಿಸ್ತೀನಿ. ಅಂತ ಬರ್ದವ್ರೆ."

"ನಮ್ಮಮ್ಮನಿಗೆ ಇಲ್ಲೂ ಪುಸ್ತಕದ್ದೇ ಚಿಂತೆ" ಎಂದು ಮುನೀಶ ನಕ್ಕ. ಡಾಕ್ಟರಮ್ಮನಿಗೂ ಅದನ್ನು ತಮಿಳಿನಲ್ಲಿ ಹೇಳಿದ. ಭದ್ರಮ್ಮ ತಾನೂ ನಕ್ಕಂತೆ ಮಾಡಿದಳು. ಭಾನು ಒಂದು ತೋಳಲ್ಲಿ ಮಗುವನ್ನು ಸರಿಪಡಿಸಿಕೊಂಡು ಇನ್ನೊಂದರಲ್ಲಿ ಮೇಜಿನ ಕೆಳಗೆ ಅತ್ತೆಯ ಕೈ ಹಿಡಿದಳು, ಹೊರಗೆ ಬರುವವರೆಗೂ ಬಿಡಲಿಲ್ಲ.