ಮೂರು ಜನಕ್ಕೆ ಹಿಡಿದ ಕಾರು

ಮಗಳು ತೀರಿಕೊಂಡ ವರ್ಷದ ಚಳಿಗಾಲದಲ್ಲಿ ನಾವು ಗಂಡ ಹೆಂಡತಿ ನೇಪಾಳಕ್ಕೆ ಹೋಗಿದ್ದೆವು. ಹೋಗಬೇಕೆಂಬ ಆಸೆ ಇಬ್ಬರಿಗೂ ಇರಲಿಲ್ಲ. ಶ್ರೀರಂಗಪಟ್ಟಣದಲ್ಲಿದ್ದ ನನ್ನ ಅಣ್ಣ ಹಿಂದೊಮ್ಮೆ ಕಾಶಿಗೆ ಹೋದವನು ಹಾಗೇ ಕಠ್ಮಂಡುವನ್ನೂ ನೋಡಿಕೊಂಡು ಬಂದಿದ್ದ. ನಮ್ಮ ಮನೆಯ ಸ್ಥಿತಿ ನೋಡಲಾರದೆ ಅವನೇ ರೈಲಿನ ಟಿಕೆಟ್ ಮಾಡಿಸಿ ತಂದುಕೊಟ್ಟ.

ಆಗ ನಾವಿದ್ದದ್ದು ಕೆ.ಆರ್. ಪೇಟೆಯಲ್ಲಿ. ನನ್ನ ಗಂಡ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಳು. ಮೆದುಳು ಜ್ವರ ಬಂತು, ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು, ವಾರ ತುಂಬುವುದರೊಳಗೆ ಎಲ್ಲ ಮುಗಿಯಿತು. ಆಮೇಲೆ ನನ್ನ ಗಂಡ ಆಫೀಸಿಗೆ ಹೋಗಿ ಬರುತ್ತಿದ್ದರು, ತಟ್ಟೆಗೆ ಹಾಕಿದ್ದನ್ನು ಉಣ್ಣುತ್ತಿದ್ದರು. ಮಾತು ಮಾತ್ರ ನಿಂತುಹೋಗಿತ್ತು. ಸಂತೆಗೆ ಹೋದರೆ ಕಿಕ್ಕೇರಿ ಕಡೆಯ ನೆಂಟರು ಯಾರಾದರೂ ಎದುರಾಗಿ ಕೈ ಹಿಡಿದುಕೊಂಡು ಅಳುವರು. ಅದಕ್ಕೆ ಹೆದರಿ ಅವರು ಸಂತೆಯನ್ನೂ ಬಿಟ್ಟರು. ಯಾತ್ರೆಯ ಗುಂಪಿನ ಜೊತೆ ಬೇಡ, ನಮ್ಮ ಕಡೆಯವರು ಯಾರೂ ಇಲ್ಲದಂತೆ ಹೋಗುವುದಾದರೆ ಬರುತ್ತೇನೆ ಎಂದರು.

ಕಠ್ಮಂಡುವಿನಲ್ಲಿ ಲಾಡ್ಜಿನವನು ಸುತ್ತಾಡಲು ಬಾಡಿಗೆ ಕಾರು ಸಿಗುತ್ತದೆಂದು ಪಕ್ಕದ ಬೀದಿಯ ಅಂಗಡಿ ತೋರಿಸಿದ. ಮದುವೆಗೆ ಮುಂಚೆ ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿದ್ದವಳು ನಾನು, ಹಾಗಾಗಿ ಮಾತಾಡುವ ಕೆಲಸ ನನ್ನದಾಗಿತ್ತು. ಎಷ್ಟು ಜನ ಎಂದು ಅಂಗಡಿಯವನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಮೂರು ಬೆರಳು ಎತ್ತಿದರು. ಎಲ್ಲಿಗೆ ಹೊರಟರೂ ನಾವು ಮೂರು ಜನವೇ ತಾನೆ, ಆ ರೂಢಿ. ಎತ್ತಿದ ಮೇಲೆ ತಮ್ಮ ಬೆರಳುಗಳನ್ನು ತಾವೇ ನೋಡಿಕೊಂಡರು, ಆದರೆ ಇಳಿಸಲಿಲ್ಲ. ಮೂರು ಜನಕ್ಕೆ ಧಾರಾಳವಾಯಿತು ಎಂದು ಅಂಗಡಿಯವನು ಒಂದು ಪುಟ್ಟ ಬಿಳಿ ಕಾರನ್ನು ಗೊತ್ತು ಮಾಡಿದ.

ಮಾರನೇ ಬೆಳಿಗ್ಗೆ ಕಾರು ಲಾಡ್ಜಿನ ಮುಂದೆ ಬಂತು. ಡ್ರೈವರ್ ನಡುವಯಸ್ಸಿನವನು, ತಲೆಗೆ ಉಣ್ಣೆಯ ಟೋಪಿ ಹಾಕಿದ್ದ. ನಾವಿಬ್ಬರೂ ಹಿಂದೆ ಕೂತೆವು. ಅವನು ಹೊರಡಲಿಲ್ಲ. ಇನ್ನೊಬ್ಬರು ಬರಬೇಕಲ್ಲ ಎಂದು ಲಾಡ್ಜಿನ ಬಾಗಿಲ ಕಡೆ ನೋಡಿದ. ತಪ್ಪಾಗಿ ಹೇಳಿದ್ದೆವು, ನಾವಿಬ್ಬರೇ ಎನ್ನಬೇಕೆಂದಿದ್ದೆ. ನನ್ನ ಗಂಡ ನನ್ನ ಕೈ ಅದುಮಿದರು.

"ಮಗ್ಳು ಬರ್ನಿಲ್ಲ, ಪರೀಕ್ಷೆ ಅದೆ ಅಂತ ಯೋಳು," ಅಂದರು. ನನ್ನ ಮುಖ ನೋಡಲಿಲ್ಲ.

ಹೇಳಿದೆ. ನಮ್ಮ ಮಗಳು ಓದುತ್ತಿದ್ದಾಳೆ ಎಂಬ ವಾಕ್ಯವನ್ನು ಹಿಂದಿ ಕಲಿಯುವಾಗ ಎಷ್ಟು ಸಲ ಬರೆದಿದ್ದೆನೋ. ಬಾಯಿಗೆ ತಾನಾಗಿ ಬಂತು.

ಡ್ರೈವರಿಗೂ ಹೆಣ್ಣುಮಕ್ಕಳಿದ್ದರು. ಗುಡ್ಡದ ರಸ್ತೆ ಹತ್ತುತ್ತಾ ಅವನು ಒಂದೊಂದೇ ಕೇಳಿದ. ಇವರು ಕನ್ನಡದಲ್ಲಿ ಹೇಳುವರು, ನಾನು ಹಿಂದಿಗೆ ತಿರುಗಿಸುವೆ. ಈಗ ಸೋದರಮಾವನ ಮನೆಯಲ್ಲಿದ್ದಾಳೆ. ಲೆಕ್ಕ ಬರುವುದಿಲ್ಲ. ಮುದ್ದೆ ಮುಟ್ಟುವುದಿಲ್ಲ, ಮೂರು ಹೊತ್ತೂ ಅನ್ನವೇ ಬೇಕು. ಹೊಸಹೊಳಲಿನ ಗುಡಿಗೆ ಕರೆದುಕೊಂಡು ಹೋದರೆ ಗೋಡೆಯ ಆನೆಗಳ ಸಾಲನ್ನು ಸವರಿಕೊಂಡೇ ಇಡೀ ಸುತ್ತು ಬರುತ್ತಾಳೆ. ಮಾವನ ಮನೆಯ ಮಾತೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ನಿಜವಾಗಿದ್ದದ್ದೇ. ತಿಂಗಳುಗಟ್ಟಲೆ ಬಾಯಿ ಬಿಡದಿದ್ದ ಮನುಷ್ಯ ಗುಡ್ಡದ ತುದಿ ಬರುವವರೆಗೂ ಮಾತಾಡಿದರು. ಅವರ ದನಿ ಕೇಳಿ ನನಗೆ ಹಿತವೂ ಆಯಿತು, ಭಯವೂ ಆಯಿತು.

ಮೇಲೆ ಮಂಜು ಕವಿದಿತ್ತು. ಹಿಮಾಲಯ ಕಾಣುತ್ತದೆಂದು ಡ್ರೈವರ್ ತೋರಿಸಿದ ದಿಕ್ಕಿನಲ್ಲಿ ಬರೀ ಬಿಳುಪು. ತನ್ನದೇ ತಪ್ಪೆಂಬಂತೆ ಅವನು ನಾಚಿಕೊಂಡು ಚಹಾ ತಂದುಕೊಟ್ಟ. ರಸ್ತೆ ಬದಿಯಲ್ಲಿ ಸ್ವೆಟರು ಮಾರುವವಳ ಹತ್ತಿರ ನನ್ನ ಗಂಡ ಮಗಳಿಗೊಂದು ಬೇಕೆಂದು ನನ್ನಿಂದ ಕೇಳಿಸಿದರು. ಎಷ್ಟು ಎತ್ತರ ಎಂದು ಅವಳು ಕೇಳಿದಾಗ ಅಂಗೈಯನ್ನು ತಮ್ಮ ಭುಜದ ಸಮಕ್ಕೆ ಹಿಡಿದು ತೋರಿಸಿ, ಕೆಂಪು ಬಣ್ಣದ್ದೊಂದನ್ನು ಕೊಂಡರು.

ಸಂಜೆ ಲಾಡ್ಜಿನಲ್ಲಿ ಕೇಳಿದೆ, "ಯಾಕಂಗಂದ್ರಿ?"

ಅವರು ಸ್ವೆಟರನ್ನು ಮಡಿಸುತ್ತಿದ್ದರು. "ಊರ್ನಲ್ಲಿ ಎಲ್ರಿಗೂ ಗೊತ್ತದೆ. ಇಲ್ಲಿ ಯಾರ್ಗೂ ಗೊತ್ತಿಲ್ವಲ್ಲ. ಇಲ್ಲಾದ್ರೂ ಇರ್ಲಿ ಬುಡು."

ಮಾರನೆಯ ದಿನ ತಿರುವುಗಳಲ್ಲಿ ಕಾರು ವಾಲಾಡಿದಾಗ, ನಮ್ಮ ಮಗಳು ಬಂದಿದ್ದರೆ ಇಷ್ಟು ಹೊತ್ತಿಗೆ ವಾಂತಿ ಮಾಡಿಕೊಳ್ಳುತ್ತಿದ್ದಳು ಎಂದು ನಾನೇ ಡ್ರೈವರಿಗೆ ಹೇಳಿದೆ. ಅವನು ನಕ್ಕ. ನಾನೂ ನಕ್ಕೆ. ಬೀಳ್ಕೊಡುವಾಗ, ಮುಂದಿನ ಸಲ ಬೇಸಿಗೆ ರಜದಲ್ಲಿ ಅವಳನ್ನೂ ಕರೆತನ್ನಿ ಎಂದ. ಆಗಲಿ ಎಂದು ನನ್ನ ಗಂಡ ತಲೆಯಾಡಿಸಿದರು.

ಗಡಿ ದಾಟಿದರೆ ಇದೂ ಮುಗಿಯುತ್ತದೆ ಎಂದುಕೊಂಡಿದ್ದೆ. ಮೈಸೂರಿನಲ್ಲಿ ರೈಲು ಇಳಿದು ಕೆ.ಆರ್. ಪೇಟೆಯ ಬಸ್ಸು ಹತ್ತಿದೆವು. ಪಾಂಡವಪುರದಲ್ಲಿ ಹತ್ತಿದ ಗುರುತಿಲ್ಲದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು ಮಕ್ಕಳೆಷ್ಟು ಎಂದು ವಿಚಾರಿಸಿದಳು.

"ಒಬ್ಳೇ ಮಗ್ಳು," ಅಂದರು ನನ್ನ ಗಂಡ. "ಮೈಸೂರ್ನಲ್ಲಿ ಓದ್ತಾವ್ಳೆ."

ಅವಳು ಇಳಿದುಹೋದ ಮೇಲೆ, "ಇದು ನಮ್ಮೂರು ಕಣ್ರೀ," ಎಂದೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಅಣ್ಣನಿಗೆ ತಿಳಿಸಿದೆ. ಅವನು ಮೈಸೂರಿನ ಡಾಕ್ಟರ ಬಳಿ ಕರೆದುಕೊಂಡು ಹೋದ. ಮಾತ್ರೆ ನುಂಗಿ ಅವರು ಹಗಲೂ ಮಲಗುತ್ತಿದ್ದರು, ಅಷ್ಟೇ. ಬುದ್ಧಿ ಕೆಟ್ಟಿರಲಿಲ್ಲ. ವರ್ಷದ ಕಾರ್ಯವನ್ನು ಅವರೇ ಮುಂದೆ ನಿಂತು ಮಾಡಿದರು. ಆದರೆ ಗುರುತಿಲ್ಲದವರು ಸಿಕ್ಕರೆ ಅವರ ಮಾತಿನಲ್ಲಿ ಮಗಳು ಇನ್ನೂ ಓದುತ್ತಿರುತ್ತಿದ್ದಳು.

ಮುಂದೆ ನಾಗಮಂಗಲಕ್ಕೆ ವರ್ಗವಾಯಿತು. ಅಲ್ಲಿ ನಮ್ಮನ್ನು ಬಲ್ಲವರಿರಲಿಲ್ಲ. ಮಗಳು ಹಾಸ್ಟೆಲ್‌ನಲ್ಲಿದ್ದಾಳೆ ಎಂದು ಅಕ್ಕಪಕ್ಕದವರಿಗೆಲ್ಲ ಇವರು ಹೇಳಿದ್ದರು. ದಸರೆ ರಜೆಗೆ ಹುಡುಗಿ ಬರಲಿಲ್ಲವೇ ಎಂದು ಪಕ್ಕದ ಮನೆಯಾಕೆ ಕೇಳಿದರೆ ನಾನು ಏನಾದರೊಂದು ಹೇಳುತ್ತಿದ್ದೆ. ನಿಜ ಹೇಳಿದರೆ ನನ್ನ ಬಾಯಿಂದಲೇ ಮಗಳನ್ನು ಇನ್ನೊಮ್ಮೆ ಕಳುಹಿಸಿದಂತಾಗುತ್ತದೆ ಅನ್ನಿಸುತ್ತಿತ್ತು.

ಕೆ.ಆರ್. ಪೇಟೆಯಿಂದ ವರ್ಗವಾಗಿ ಬಂದ ಇನ್ನೊಬ್ಬರ ಮೂಲಕ ಸುದ್ದಿ ಅಲ್ಲಿಗೂ ತಲುಪಿತು. ಯಾರೂ ನಮ್ಮನ್ನು ಏನೂ ಅನ್ನಲಿಲ್ಲ. ಪಕ್ಕದ ಮನೆಯಾಕೆ ಒಂದು ದಿನ ಬಂದು ಸ್ವಲ್ಪ ಹೊತ್ತು ಕೂತಿದ್ದು ಹೋದಳು. ಆಮೇಲೆ ಅವಳು ಮಗಳ ವಿಚಾರ ಎತ್ತಲಿಲ್ಲ. ಇಲ್ಲಿಯೂ ಎಲ್ಲರಿಗೂ ಗೊತ್ತಾಗಿದೆ ಎಂಬುದು ನನ್ನ ಗಂಡನಿಗೂ ತಿಳಿದುಹೋಯಿತು. ಅವತ್ತಿನಿಂದ ಅವರು ಯಾರ ಹತ್ತಿರವೂ ಮಗಳ ಹೆಸರೆತ್ತಲಿಲ್ಲ, ನನ್ನ ಹತ್ತಿರವೂ.

ಅಣ್ಣ ಬಂದಾಗ ಸಿಂಹಳಕ್ಕಾದರೂ ಹೋಗಿಬನ್ನಿ, ಅಲ್ಲಿಯೂ ಬಾಡಿಗೆ ಕಾರು ಸಿಗುತ್ತದೆ ಎಂದು ಹೇಳಿ ನೋಡಿದ.

"ಇನ್ಯಾವ ದೇಸಕ್ಕೋಗದು, ಬುಡಿ ಭಾವ. ಎಲ್ಲೋದ್ರೂ ನಮ್ಗೇ ಗೊತ್ತದಲ್ಲ," ಅಂದರು ಇವರು.

ಅಣ್ಣ ಕಾಫಿ ಕುಡಿದು ಬಸ್ಸಿಗೆ ನಡೆದ.