ಕಾಳ್ಯಾನ ಹಲಗೆ

ಮಡಿವಾಳೆಪ್ಪನ ಕೈಗೆ ಒಂದು ಕೆಟ್ಟ ಚಾಳಿ. ಕಟ್ಟಿಗೆ ಕಂಡರೆ ಬಣ್ಣ ಹಚ್ಚದೆ ಸುಮ್ಮನಿರದು. ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವವರ ಮನೆಯಲ್ಲಿ ಹುಟ್ಟಿದವನು. ಹೆಂಡತಿ ಶಾರದವ್ವನ ಲಟ್ಟಣಿಗೆಯ ಹಿಡಿಗೂ ಹೂವು ಬರೆದ ಪುಣ್ಯಾತ್ಮ.

ಅವನ ಕೆಲಸವೆಲ್ಲ ಮೇಲಿನ ಖೋಲಿಯಲ್ಲಿ. ಕರಿ ನಾಯಿ ಕಾಳ್ಯಾ ಮರಿಯಿದ್ದಾಗಿನಿಂದ ಅಲ್ಲೇ ಅವನ ಬಾಜು ಬಿದ್ದುಕೊಂಡು ಬೆಳೆದದ್ದು. ಈಗ ಅದಕ್ಕೆ ಮುಪ್ಪು, ಹಿಂಗಾಲು ಸೋತಿವೆ. ಮೆಟ್ಟಿಲು ಹತ್ತಲಾರದು, ಇಳಿಯಲಾರದು. ಕೆಳಗೆ ಬಿಟ್ಟರೆ ಕುಂಯ್ ಕುಂಯ್ ಎಂದು ಓಣಿಯವರ ತಲೆ ತಿನ್ನುತ್ತದೆ. ಹೀಗಾಗಿ ಮುಂಜಾನೆ ಅದನ್ನು ಹೊತ್ತು ಹತ್ತುವುದು, ಉಚ್ಚೆಗೆಂದು ಹೊತ್ತು ಇಳಿಯುವುದು, ಮತ್ತೆ ಹತ್ತುವುದು. ಭಾರವೋ, ತುಂಬಿದ ಗೋಣಿಚೀಲ! ಮಡಿವಾಳೆಪ್ಪನ ಸೊಂಟ ಹಿಡಿದುಕೊಂಡಿತು.

"ನಾ ನಾಯಿ ಸಾಕೀನೋ, ನಾಯಿ ನನ್ನ ಆಳು ಇಟಗೊಂಡೈತೋ!" ಎಂದು ರೇಗಿದ.

"ಮೆಟ್ಟಲ ಮ್ಯಾಲ ಒಂದು ಹಲಗಿ ಇಳಿಬಿಡ್ರಿ ಅಂತ ಎಷ್ಟ್ ಸಲ ಹೇಳ್ಲಿ? ತಾನ ಹತ್ತತೈತಿ," ಎಂದಳು ಶಾರದವ್ವ.

ಮಾತು ಖರೆ. ಅಗಲದ ಹಲಗೆ ತಂದ, ಕೀಸಿದ. ಅಲ್ಲಿಗೆ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ! ಬಣ್ಣ ಹಚ್ಚಿ ಒಣಗಿಸಿದ. ಅದರ ಮೇಲೆ ಬಳ್ಳಿ, ಗಿಳಿ. ಅವು ಒಣಗಿದ ಮೇಲೆ ಹೊಳಪಿಗೆ ಅರಗು. ಅಷ್ಟೂ ದಿನ ಅವನು ಹೊರುವುದು ಬಿಟ್ಟ, ಕಾಳ್ಯಾ ಕೆಳಗೇ ಬಿದ್ದುಕೊಂಡಿತ್ತು.

"ರೊಟ್ಟಿ ಮೂಸಿ ನೋಡವಲ್ದ್ರಿ ಅದು. ನಾಯಿ ತುಳಿಯೋ ಹಲಗಿಗೆ ಹೂವಾ ಯಾಕ್ರಿ?" ಎಂದು ಶಾರದವ್ವ ಕೆಳಗಿನಿಂದ ಕೂಗಿದಳು.

"ಸುಮ್ನಿರ ಬೇ. ನನ್ನ ಮನ್ಯಾಗ ಬರೇ ಹಲಗಿ ಕಂಡ್ರ ಮಂದಿ ನಗತಾರ."

ಕೊನೆಗೂ ಹಲಗೆ ಮೆಟ್ಟಿಲ ಮೇಲೆ ಕೂತಿತು. ಮುಖ ಕಾಣುವಷ್ಟು ಹೊಳಪು. ಕಾಳ್ಯಾ ಕಾಲಿಟ್ಟಿತು, ಹೊಟ್ಟೆಯ ಮೇಲೆ ಸರ್ರನೆ ಜಾರಿ ಕೆಳಗೆ ಬಂತು. ಮತ್ತೆ ನೂಕಿದ, ಮತ್ತೆ ಜಾರಿತು. "ಹತ್ತಲೇ!" ಎಂದು ಬೈದ. ಅದು ಮೂಲೆ ಸೇರಿತು.

"ನೀವ ಒಮ್ಮೆ ಹತ್ತಿ ತೋರಸ್ರಿ, ನೋಡೂಣು," ಎಂದಳು ಶಾರದವ್ವ.

ಥೂ ಇದರ! ಉಳಿ ತೆಗೆದುಕೊಂಡು ಬಳ್ಳಿ, ಗಿಳಿ ಎಲ್ಲವನ್ನೂ ಪರಪರ ಕೆರೆದು ಹಲಗೆಯನ್ನು ಒರಟು ಮಾಡಿದ. ತಾನು ಬರೆದದ್ದನ್ನು ತಾನೇ ಕೆಡಿಸಿದ ಸಿಟ್ಟು ನಾಯಿಯ ಮೇಲೆ ತಿರುಗಿತು. "ಇನ್ನೂ ಹತ್ತಲಿಲ್ಲಂದ್ರ ಓಣ್ಯಾಗ ಬಿಟ್ಟ ಬರ್ತೇನಿ ನಿನ್ನ," ಎನ್ನುತ್ತ ನಾಯಿಯನ್ನು ಹಲಗೆಯ ಮುಂದೆ ನಿಲ್ಲಿಸಿದ.

ಈಗ ಕಾಲು ಜಾರಲಿಲ್ಲ. ಆದರೆ ಮುಂಗಾಲು ಊರಿದ ಕಾಳ್ಯಾಗೆ ಮೈ ಎತ್ತುವ ತ್ರಾಣವೇ ಇರಲಿಲ್ಲ. ಅಲ್ಲೇ ಕುಸಿದು ಅವನ ಮುಖ ನೋಡಿತು.

ಮಡಿವಾಳೆಪ್ಪ ಹಲ್ಲು ಕಚ್ಚಿ, ಸೊಂಟ ಗಟ್ಟಿ ಮಾಡಿಕೊಂಡು, ಹಿಂದಿನ ಹಾಗೆಯೇ ಜೋರು ಹಾಕಿ ಎತ್ತಿದ. ಅಷ್ಟು ಜೋರು ಬೇಕಾಗಿರಲಿಲ್ಲ. ನಾಯಿ ಒಮ್ಮೆಲೇ ಎದೆಗೆ ಬಂತು, ಪಕ್ಕೆಲುಬು ಕೈಗೆ ಹತ್ತಿದವು. ತಾನು ಮೇಲೆ ಗಿಳಿ ಬರೆಯುತ್ತ ಕೂತಾಗ ಇದು ಕೆಳಗೆ ಕೂಳು ಬಿಟ್ಟು ಕರಗಿತ್ತು.

"ಅಯ್ಯ, ಮತ್ತ ಹೊತ್ಕೊಂಡ್ರ್ಯಾ? ಸೊಂಟರೀ!" ಎಂದಳು ಶಾರದವ್ವ.

"ಭಾರ ಇಲ್ಲ ಬೇ," ಎಂದ ಮಡಿವಾಳೆಪ್ಪ. "ಒಂಚೂರೂ ಭಾರ ಇಲ್ಲ. ಹಾಲಿನ್ಯಾಗ ರೊಟ್ಟಿ ನೆನಸಿ ಮ್ಯಾಲ ತಗೊಂಡ್ ಬಾ."