ಸಿದ್ಧಲಿಂಗಪ್ಪ ಮಾಸ್ತರ ಎರಡು ವರ್ಷ

ಡ್ರಿಲ್ ಮಾಸ್ತರಾಗಿಯೂ ಸಿದ್ಧಲಿಂಗಪ್ಪನವರು ಪೀಪಿ ಇಟ್ಟುಕೊಂಡವರಲ್ಲ. ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದರೆ ಹರಿಹರದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಗ್ರೌಂಡು ಗಪ್ಪಾಗುತ್ತಿತ್ತು. ಕಾಂಪೌಂಡಿನ ಆಚೆ ರಸ್ತೆಯಲ್ಲಿ ಹೋಗುವ ಸೈಕಲ್ಲಿನವರೂ ತಮ್ಮನ್ನೇ ಯಾರೋ ಕರೆದರೆಂದು ಕಾಲು ಊರಿ ತಿರುಗಿ ನೋಡುತ್ತಿದ್ದರು. ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಶೂ, ಸದಾ ಸುಣ್ಣ ಮೆತ್ತಿದ ಕೈ. ಖೋಖೋ ಅಂಕಣದ ಗೆರೆಗಳನ್ನು ತಾವೇ ಎಳೆಯುತ್ತಿದ್ದರು, ಜವಾನನಿಗೆ ಬಿಡುತ್ತಿರಲಿಲ್ಲ. "ಗೆರೆ ಸೊಟ್ಟ ಆದ್ರೆ ಓಟಾನೂ ಸೊಟ್ಟ ಆಗತೈತೆ" ಅನ್ನುತ್ತಿದ್ದರು.

ವಾರಕ್ಕೊಮ್ಮೆ ಊಟದ ಬಿಡುವಿನ ನಂತರ ಸರ್ಕಾರದ ಕಬ್ಬಿಣದ ಮಾತ್ರೆ ಹಂಚುವ ಕೆಲಸವೂ ಅವರದೇ. ಆ ಮಾತ್ರೆ ಕಂಡರೆ ನಮಗೆ ಆಗದು. ನಾಲಿಗೆಯಡಿ ಇಟ್ಟುಕೊಂಡು ಹೋಗಿ ಚರಂಡಿಗೆ ಉಗುಳುತ್ತಿದ್ದೆವು. ಅವರು ಅದಕ್ಕೊಂದು ಉಪಾಯ ಹುಡುಕಿದ್ದರು. ಮಾತ್ರೆ ನುಂಗಿದವಳು ತನ್ನಪ್ಪನ ಪೂರ್ತಿ ಹೆಸರನ್ನು ಎದುರಿಗೆ ನಿಂತು ಜೋರಾಗಿ ಹೇಳಿ ಹೋಗಬೇಕು. ಬಾಯಲ್ಲಿ ಮಾತ್ರೆ ಇದ್ದವಳ ಅಪ್ಪನ ಹೆಸರು ತೊದಲುತ್ತಿತ್ತು. "ನಿಮ್ಮಪ್ಪ ಕೇಳಿಸ್ಕೊಂಡ್ರೆ ಬೇಜಾರ್ ಮಾಡ್ಕೊಂತಾನೆ, ಮೊದ್ಲು ನುಂಗು" ಅಂದು ನೀರಿನ ಲೋಟ ಮುಂದೆ ಹಿಡಿಯುತ್ತಿದ್ದರು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಖೋಖೋ ತಂಡವನ್ನು ತರಬೇತಿಗೆಂದು ಹತ್ತಿರದ ಕೊಂಡಜ್ಜಿಗೆ ಕರೆದುಕೊಂಡು ಹೋಗಿದ್ದರು. ಬೆಳಿಗ್ಗೆ ಕೆರೆ ಏರಿಯ ಮೇಲೆ ಓಟ. ಮೂರನೇ ದಿನ ನಾನು ಅರ್ಧ ದಾರಿಗೇ ಕೂತುಬಿಟ್ಟೆ. ಎದೆ ಡವಡವ ಅನ್ನುತ್ತಿತ್ತು. ಉಳಿದ ಹುಡುಗಿಯರು ಇದು ನಾಟಕ ಅಂದರು. ಮಾಸ್ತರು ವಾಪಸ್ ಓಡಿಬಂದು ನನ್ನ ಎದುರು ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು.

"ಇದೇನವ್ವ ರೇಣುಕಾ, ಒಳಗೆ ಸುಣ್ಣ ಬಳದಂಗೈತೆ. ನೀನು ಮೈಗಳ್ಳಿ ಅಲ್ಲ. ನಿನ್ನ ಮೈಯಾಗೆ ರಕ್ತ ಇಲ್ಲ."

ಊರಿಗೆ ಬಂದ ಮೇಲೆ ಅವರೇ ನಮ್ಮವ್ವನನ್ನು ಹೊರಡಿಸಿ ಸರ್ಕಾರಿ ಆಸ್ಪತ್ರೆಗೆ ನಮ್ಮ ಜೊತೆ ಬಂದರು. ಅಲ್ಲಿ ನನ್ನ ಬೆರಳು ಚುಚ್ಚಿ ರಕ್ತ ತೆಗೆದಾಕೆಯನ್ನು ನೋಡುತ್ತ ನಿಂತಿದ್ದೆ. ಮುಂದೆ ನಾನು ಲ್ಯಾಬ್ ಟೆಕ್ನಿಷಿಯನ್ ಆಗಿದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣ ಇಲ್ಲ.

ಈಗ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಒಂದು ಸಣ್ಣ ಲ್ಯಾಬಿನಲ್ಲಿ ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಮಾಸ್ತರು ಅಲ್ಲಿಗೆ ಬಂದರು. ನಾಲ್ಕು ಮೆಟ್ಟಿಲು ಹತ್ತಿದ್ದಕ್ಕೆ ಬಾಗಿಲ ಚೌಕಟ್ಟು ಹಿಡಿದು ನಿಂತುಕೊಂಡಿದ್ದರು. ಮುಖ ಹಳೇ ಕಾಗದದ ಬಣ್ಣಕ್ಕೆ ತಿರುಗಿತ್ತು.

ದೊಡ್ಡ ಕರುಳಿನ ಒಳಗೆ ಹುಣ್ಣು, ಊತ. ವರ್ಷಗಳಿಂದ ಇದ್ದ ಕಾಯಿಲೆ. ದಿನಕ್ಕೆ ಏಳೆಂಟು ಸಲ ಹೊರಗೆ ಹೋಗಬೇಕಾಗುತ್ತಿತ್ತು, ರಕ್ತವೂ ಬೀಳುತ್ತಿತ್ತು. ಹೆಣ್ಣುಮಕ್ಕಳ ಶಾಲೆಯ ಮಾಸ್ತರು ಇದನ್ನು ಯಾರಿಗೆ ಹೇಳಿಯಾರು? ಹೆಂಡತಿ ಗೌರಮ್ಮನವರಿಗೇ ತಡವಾಗಿ ಗೊತ್ತಾಗಿತ್ತಂತೆ. ರಕ್ತ ಕಡಿಮೆ ಇದೆಯೆಂದು ಅವರ ಡಾಕ್ಟರು ಮೈಯೊಳಗಿನ ಕಬ್ಬಿಣದ ದಾಸ್ತಾನು ಎಷ್ಟಿದೆ ನೋಡಿ ಎಂದು ಫೆರಿಟಿನ್ ಪರೀಕ್ಷೆಗೆ ಬರೆದಿದ್ದರು. ಜೊತೆಗೆ ರಕ್ತಕಣಗಳ ಎಣಿಕೆ, ಊತದ ಮಟ್ಟ ತೋರಿಸುವ ಇನ್ನೊಂದು ಪರೀಕ್ಷೆ.

ಸಂಜೆ ಅವರು ರಿಪೋರ್ಟಿಗೆ ಬಂದಾಗ ನಾನು ಫೆರಿಟಿನ್ ನೋಡಿದೆ. ಅರವತ್ತೆರಡು. ಪಕ್ಕದಲ್ಲಿ ಅಚ್ಚಾಗಿದ್ದ ಮಿತಿಯೊಳಗೇ ಇತ್ತು.

"ಏನವ್ವ, ಪಾಸೋ ಫೇಲೋ?" ಅಂದರು.

"ಪಾಸ್ ಸರ್. ಕಬ್ಬಿಣ ಸಾಕಷ್ಟೈತೆ."

ಅವರ ಮುಖ ಅರಳಲಿಲ್ಲ. "ಹಂಗಾದ್ರೆ ಕಾಲ್ಯಾಕ ಏಳವಲ್ವು?" ಎಂದು ತಮಗೆ ತಾವೇ ಕೇಳಿಕೊಂಡಂತೆ ಅಂದರು. ಹಿಂದೆ ಜನ ನಿಂತಿದ್ದರು. ನಾನು ಎರಡೂ ಹಾಳೆ ಸೇರಿಸಿ ಪಿನ್ ಹೊಡೆದು ಕೊಟ್ಟೆ. ಎರಡನೇ ಹಾಳೆಯಲ್ಲಿ ಊತದ ಅಂಕಿ ಎಷ್ಟೋ ಪಟ್ಟು ಏರಿತ್ತು. ಅದು ನನ್ನ ಕೈಯಲ್ಲೇ ಇತ್ತು, ಆದರೆ ಒಂದರ ಪಕ್ಕ ಒಂದಿಟ್ಟು ನೋಡಲಿಲ್ಲ. ಅವರ ಡಾಕ್ಟರೂ ನೋಡಲಿಲ್ಲವೆಂದು ಕಾಣುತ್ತದೆ. ಕಬ್ಬಿಣದ ಕೊರತೆ ಇಲ್ಲ, ದೀರ್ಘ ಕಾಯಿಲೆಗೆ ರಕ್ತ ಸ್ವಲ್ಪ ಇಳಿದೇ ಇರುತ್ತದೆ ಎಂದು ಹೇಳಿ ಕಳಿಸಿದರಂತೆ.

ಅಲ್ಲಿಂದ ಮುಂದೆ ಎರಡು ವರ್ಷ. ಹರಿಹರದ ನಮ್ಮ ಓಣಿಯ ಹುಡುಗಿಯೊಬ್ಬಳು ಅದೇ ಶಾಲೆಗೆ ಹೋಗುತ್ತಿದ್ದಳು, ಅವಳಿಂದ ಸುದ್ದಿ ಬರುತ್ತಿತ್ತು. ಮಾಸ್ತರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಸಿಳ್ಳೆ ಹೊಡೆಯಲು ಹೋದರೆ ಬರೀ ಗಾಳಿ ಬರುತ್ತದೆ. ಹುಡುಗಿಯರು ಅವರಿಗೆ 'ಕುರ್ಚಿ ಸರ್' ಎಂದು ಹೆಸರಿಟ್ಟಿದ್ದಾರೆ. ಎರಡನೇ ವರ್ಷ ಖೋಖೋ ತಂಡ ಜಿಲ್ಲಾ ಪಂದ್ಯ ಗೆದ್ದು ಮುಂದಿನ ಹಂತಕ್ಕೆ ಹೋಗುವುದಿತ್ತು. "ನನ್ನ ಕೈಲಿ ಆಗಲ್ಲ, ಬೇರೆಯವ್ರನ್ನ ಕಳಿಸ್ರಿ" ಎಂದು ಅವರೇ ಹೆಡ್‌ಮಾಸ್ತರಿಗೆ ಬರೆದುಕೊಟ್ಟರು. ಮೂವತ್ತು ವರ್ಷದ ನೌಕರಿಯಲ್ಲಿ ಅವರ ತಂಡ ಅಷ್ಟು ದೂರ ಹೋದದ್ದು ಅದೊಂದೇ ಸಲ.

ನಿವೃತ್ತಿಗೆ ಒಂದು ತಿಂಗಳಿರುವಾಗ ಪ್ರಾರ್ಥನೆಯ ಸಾಲಿನಲ್ಲೇ ಬಿದ್ದುಬಿಟ್ಟರು. ದಾವಣಗೆರೆಯ ಬೇರೊಂದು ಆಸ್ಪತ್ರೆಗೆ ಸೇರಿಸಿದರು. ಅಲ್ಲಿಯ ವೈದ್ಯೆ ಇನ್ನೂ ಸಣ್ಣ ವಯಸ್ಸಿನವರು. ಹಳೇ ರಿಪೋರ್ಟು ನಮ್ಮ ಲ್ಯಾಬಿನದು ಎಂದು ನೋಡಿ ಫೋನ್ ಮಾಡಿದರು. ಬೈಯಲಿಲ್ಲ. ಪಾಠ ಹೇಳುವವರ ಹಾಗೆ ನಿಧಾನವಾಗಿ ಹೇಳಿದರು.

"ಕರುಳಿನಲ್ಲಿ ಊತ ಇದ್ದಾಗ ಫೆರಿಟಿನ್ ತಾನಾಗೇ ಏರುತ್ತೆ. ದಾಸ್ತಾನು ಖಾಲಿಯಾಗಿದ್ದರೂ ತುಂಬಿದ ಹಾಗೆ ಕಾಣುತ್ತೆ. ಇಂಥವರಲ್ಲಿ ಅರವತ್ತೆರಡು ಅಂದರೆ ಸಾಕಷ್ಟಿದೆ ಅಂತ ಅಲ್ಲ, ಕೊರತೆ ಇರಬಹುದು ಅಂತ. ಊತದ ಅಂಕಿ ಜೊತೆಗಿಟ್ಟು ಓದಬೇಕು. ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ತುಂಬಿದೆ ಅಂತಾನೂ ನೋಡಬೇಕು."

ಅದನ್ನು ಅವರು ನೋಡಿದ್ದರು. ಹೆಚ್ಚುಕಡಿಮೆ ಖಾಲಿ.

ಕಬ್ಬಿಣವನ್ನು ಡ್ರಿಪ್ಪಿನಲ್ಲಿ ನರಕ್ಕೇ ಕೊಟ್ಟರು, ಕರುಳಿಗೂ ಬೇರೆ ಔಷಧ ಶುರುವಾಯಿತು. ಒಂದೂವರೆ ತಿಂಗಳಲ್ಲಿ ಮಾಸ್ತರು ಎದ್ದು ಓಡಾಡಿದರು. ಅಷ್ಟರಲ್ಲಿ ನಿವೃತ್ತಿಯಾಗಿತ್ತು. ಬೀಳ್ಕೊಡುಗೆಯ ಶಾಲು, ಹಾರ ಎಲ್ಲ ಮನೆಗೇ ತಂದುಕೊಟ್ಟು ಹೋಗಿದ್ದರಂತೆ.

ಒಂದು ವರ್ಷ ಚೆನ್ನಾಗಿದ್ದರು. ಅಷ್ಟು ದಿನವೂ ನಾನು ಅವರ ಮನೆಯ ಕಡೆ ಹೋಗಲಿಲ್ಲ. ಕರುಳಿನ ಕಾಯಿಲೆ ಮತ್ತೆ ಕೆರಳಿ, ಆಪರೇಷನ್ ಮಾಡಲೇಬೇಕೆಂದು ನಿಕ್ಕಿಯಾಯಿತೆಂದು ಕೇಳಿದ ಮೇಲೆ ಒಂದು ಭಾನುವಾರ ಹೋದೆ. ಪಡಸಾಲೆಯಲ್ಲಿ ದಿಂಬಿಗೊರಗಿ ಕೂತಿದ್ದರು. "ಬಾರವ್ವ, ಕೂಡು" ಅಂದರು. ಗೌರಮ್ಮನವರು ಚಹಾ ತರಲು ಒಳಗೆ ಹೋದರು.

"ಸರ್, ಅವತ್ತು ಪಾಸ್ ಅಂದಾಕಿ ನಾನೇ" ಅಂದೆ.

"ಗೊತ್ತೈತವ್ವ." ದಿಂಬು ಸರಿಸಿಕೊಂಡು ನೆಟ್ಟಗೆ ಕೂತರು. "ಸಿಟ್ಟು ಇಲ್ಲ ಅಂದ್ರೆ ಸುಳ್ಳಾಗತೈತೆ. ಫೇಲ್ ಅಂದಿದ್ರೆ ರೋಗ ಅಂತ ತಿಳ್ಕೊಂತಿದ್ದೆ. ಪಾಸ್ ಅಂದ್ರಿ. ಎಲ್ಲಾ ಸರಿ ಐತೆ, ಆದ್ರೂ ಕುರ್ಚಿ ಬಿಟ್ಟು ಏಳಾಕ ಆಗವಲ್ದು. ಮೈಗಳ್ಳ ಆಗಿಬಿಟ್ಟೆ ಅಂತ ಎರಡು ವರ್ಷ ನನ್ನ ನಾನೇ ಬೈಕೊಂಡೆ. ಹುಡುಗೇರು ಅಂದಿದ್ದು ಏನೂ ಅಲ್ಲ ಬಿಡು. ಈಗ್ಲೂ ಒಂದೊಂದು ಸಲ ಅನ್ನಿಸ್ತೈತೆ, ಆ ತಂಡದ ಜೊತೆ ಹೋಗಬಹುದಿತ್ತೇನೋ, ನಾನೇ ಮನಸ್ಸು ಮಾಡ್ಲಿಲ್ಲೇನೋ ಅಂತ."

ನಾನು ಬ್ಯಾಗಿನಿಂದ ಹಳೆಯ ರಿಪೋರ್ಟಿನ ನಕಲು ತೆಗೆದು ಅವರ ಪಕ್ಕ ಕೂತೆ. ಎರಡೂ ಹಾಳೆ ಒಂದರ ಪಕ್ಕ ಒಂದಿಟ್ಟು, ಬೆರಳಿಟ್ಟು ಒಂದೊಂದೇ ಸಾಲು ತೋರಿಸಿದೆ. ಕೆಂಪು ಕಣಗಳು ಎಷ್ಟು ಸಣ್ಣವಾಗಿದ್ದವು, ಎಷ್ಟು ಕಡಿಮೆ ಇದ್ದವು, ಊತ ಎಷ್ಟಿತ್ತು ಎಂದು. ಅವರು ಕನ್ನಡಕ ಹಾಕಿಕೊಂಡು ಶಾಲೆ ಹುಡುಗನ ಹಾಗೆ ಕೇಳಿಸಿಕೊಂಡರು.

"ಸರ್, ಈ ರಕ್ತದಾಗೆ ಬೇರೆ ಯಾರಾದ್ರೂ ಆಗಿದ್ರೆ ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ. ನೀವು ದಿನಾ ಗ್ರೌಂಡಿಗೆ ಬಂದ್ರಿ. ಮನಸ್ಸು ಮಾಡಿದ್ದಕ್ಕೇ ಬಂದ್ರಿ."

ಅವರು ಆ ಹಾಳೆಗಳನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡರು. ನಾನು ಹೊರಡುವಾಗ, "ಈಗ ಹೆಂಗೆ ಮಾಡ್ತೀಯ?" ಎಂದು ಕೇಳಿದರು. ಕರುಳಿನ ಕಾಯಿಲೆಯವರದಾದರೆ ಎರಡೂ ಅಂಕಿ ಜೋಡಿಸಿ ನೋಡುತ್ತೇನೆ, ಅನುಮಾನ ಬಂದರೆ ಡಾಕ್ಟರಿಗೆ ಫೋನ್ ಮಾಡುತ್ತೇನೆ ಅಂದೆ. ತಲೆಯಾಡಿಸಿದರು.

ಆಪರೇಷನ್ ಆದ ಒಂಬತ್ತನೇ ದಿನ ನಂಜೇರಿ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಹೊಲದಲ್ಲಿ ಮಣ್ಣು ಮಾಡಿ ಎಲ್ಲರೂ ವಾಪಸಾಗಿದ್ದರು. ಗೌರಮ್ಮನವರು ಗೋಡೆಗೊರಗಿ ಕೂತಿದ್ದರು. ನನ್ನ ಕೈ ಹಿಡಿದು ಪಕ್ಕ ಕೂರಿಸಿಕೊಂಡರು.

"ನೀನು ಬಂದು ಹೋದ್ಮ್ಯಾಲೆ ಮನೀಗೆ ಯಾರು ಬಂದ್ರೂ ಬಿಡ್ಲಿಲ್ಲವ್ವ" ಅಂದರು. "ಜೇಬಿಂದ ಆ ಚೀಟಿ ತೆಗ್ದು ತೋರ್ಸೋರು. ಹಾಲಿನವನಿಗೂ ತೋರ್ಸಿದ್ರು. 'ನೋಡಪ್ಪ, ನಾನು ಸುಮ್ನೆ ಕೂತಿರ್ಲಿಲ್ಲ' ಅಂತ."